ಪಾನಾಗಳಿಗೆ ಸೂಟಿ ಇದ್ದ ದಿನ

ಸೊರಡಿಯ ಹಿಟ್ಟಿನ ಗಿರಣಿಯ ಧೂಳಪ್ಪನಿಗೆ ಒಂದು ಸ್ವಭಾವವಿತ್ತು. ಅವನೆದುರು ಯಾರಾದರೂ ಯಾವುದಾದರೂ ಯಂತ್ರದ ಹೆಸರು ತೆಗೆದರೆ ಸಾಕು, "ಅದರಾಗೇನ್ ಐತ್ರಿ" ಎನ್ನುತ್ತಿದ್ದ. ಹೀಗೆನ್ನುತ್ತಲೇ ಅವನು ತನ್ನ ಮನೆಯ ಮಿಕ್ಸರು, ಮಾವನ ಮನೆಯ ಗೋಡೆ ಗಡಿಯಾರ, ಪಂಚಾಯ್ತಿಯ ಧ್ವನಿವರ್ಧಕ ಇಷ್ಟನ್ನೂ ಬಿಚ್ಚಿದ್ದ. ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರು ಜತ್ತ ತಾಲೂಕಿನಲ್ಲಿ ಇರಲಿಲ್ಲ. ಜೋಡಿಸುವುದರ ಬಗ್ಗೆ, ಪಕ್ಕದ ಮನೆಯವನಾದ ನಾನು ಹೆಚ್ಚು ಮಾತಾಡುವುದು ಸರಿಯಲ್ಲ. ಮಾವನ ಮನೆಯ ಗಡಿಯಾರ ಈಗಲೂ ನಡೆಯುತ್ತದೆ. ಹಿಂದಕ್ಕೆ ನಡೆಯುತ್ತದೆ, ಅಷ್ಟೇ.

ಈ ಸಲ ಅವನ ಕೈಗೆ ಸಿಕ್ಕಿದ್ದು ಸ್ನೇಹಲಳ ಸೈಕಲ್ಲು.

ಸ್ನೇಹಲ ನಮ್ಮೂರ ಆರೋಗ್ಯ ಉಪಕೇಂದ್ರದ ನರ್ಸು. ಊರಾಚೆಯ ವಸ್ತಿಗಳಿಗೆ ಲಸಿಕೆ ಹಾಕಲು ಹೋಗಬೇಕು. ಆ ದಾರಿಗಳಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಅದಕ್ಕೆಂದೇ ಒಂದು ಮೌಂಟನ್ ಬೈಕ್ ತಂದಿದ್ದಳು. ಅದರ ಮುಂದಿನ ಗಾಲಿಯ ಎರಡೂ ಬದಿಗೆ ದಪ್ಪ ಕಾಲುಗಳಿವೆ, ಸಸ್ಪೆನ್ಶನ್ ಫೋರ್ಕ್ ಎನ್ನುತ್ತಾರೆ. ಗಾಲಿ ಕಲ್ಲಿಗೆ ಬಡಿದಾಗ ಆ ಕಾಲುಗಳು ಕುಕ್ಕರಿಸಿ ಮೇಲೇಳುತ್ತವೆ, ಸವಾರನ ಕೈಗೆ ಪೆಟ್ಟು ತಾಗುವುದಿಲ್ಲ. ಎರಡು ವರ್ಷ ನಮ್ಮ ಧೂಳು ತಿಂದ ಮೇಲೆ ಅವು ಕುಕ್ಕರಿಸುತ್ತಿದ್ದವು, ಏಳುವುದನ್ನು ಮಾತ್ರ ಬಿಟ್ಟಿದ್ದವು. ಎದ್ದರೂ ನರಳುತ್ತ ಏಳುತ್ತಿದ್ದವು.

ದಸರೆಯ ಮುಂಜಾನೆ ಮುಚ್ಚಂಡಿ ಕಡೆಯ ಗುಡ್ಡದಲ್ಲಿ ತಾಲೂಕಿನ ಸೈಕಲ್ ಸ್ಪರ್ಧೆ. ಮೊದಲ ಮೂರು ಜನ ಸಾಂಗ್ಲಿಗೆ, ಜಿಲ್ಲಾ ಸ್ಪರ್ಧೆಗೆ ಹೋಗುತ್ತಾರೆ. ಹೋದ ವರ್ಷ ಸ್ನೇಹಲ ನಾಲ್ಕನೆಯವಳಾಗಿದ್ದಳು. ಮೂರನೆಯವನಿಗೂ ಅವಳಿಗೂ ನಡುವೆ ಇದ್ದದ್ದು ಒಂದು ಗಾಲಿಯ ಅಂತರ. ಆ ಒಂದು ಗಾಲಿ ಇಡೀ ವರ್ಷ ಅವಳ ತಲೆಯಲ್ಲಿ ತಿರುಗುತ್ತಿತ್ತು.

"ಫೋರ್ಕ್ ಸರ್ವಿಸಿಂಗ್ ಆಗಬೇಕು ಕಾಕಾ. ಎಣ್ಣಿ ತರಿಸೇನಿ, ಸೈಕಲ್ ಸಾಂಗ್ಲಿಗೆ ಕಳಸಬೇಕಂತ ಮಾಡೇನಿ," ಎಂದು ಅವಳು ಗಿರಣಿಯ ಮುಂದೆ ಸೈಕಲ್ ನಿಲ್ಲಿಸಿ ಹೇಳಿದಳು.

"ಅದರಾಗೇನ್ ಐತಿ," ಎಂದ ಧೂಳಪ್ಪ. "ಸಾಂಗ್ಲಿ ಯಾಕ? ನವಮಿ ದಿನಾ ನನ್ನ ಗಿರಣಿ ಬಂದ್ ಇರತೈತಿ. ಇಡೀ ದಿನ ಖಾಲಿ ಕೂತಿರತೀನಿ. ಮುಂಜಾನಿ ಬಿಚ್ಚಿ ಸಂಜಿಗಿ ಕೈಯಾಗ ಕೊಡ್ತೀನಿ."

ವರ್ಷವಿಡೀ ನಡೆಯುವ ಗಿರಣಿ ನವಮಿ ಬಂತೆಂದರೆ ಯಾಕೆ ಬಂದ್ ಇರುತ್ತದೆ ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಮಹಾ ಕಾರ್ಯಕ್ಕೆ ಇಳಿಯುವವರು ಇಂಥ ಸಣ್ಣ ಪ್ರಶ್ನೆಗಳನ್ನು ಕೇಳಿಕೊಳ್ಳುವುದಿಲ್ಲ.

ನವಮಿಯ ಮುಂಜಾನೆ ಒಂಬತ್ತಕ್ಕೆ ಗಿರಣಿಯ ಅಂಗಳದಲ್ಲಿ ಕೆಲಸ ಶುರುವಾಯಿತು. ಗೋಡೆಗೆ ಫೋನು ಒರಗಿಸಿ ಧೂಳಪ್ಪ ಒಂದು ವಿಡಿಯೋ ಹಚ್ಚಿದ. ಅದರಲ್ಲಿ ನೀಲಿ ಕೈಗವಸು ತೊಟ್ಟ, ತೋಳ ತುಂಬ ಹಚ್ಚೆ ಹಾಕಿಸಿಕೊಂಡ ಒಬ್ಬ ಪರದೇಶಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಧೂಳಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ.

"ಮಾತು ಯಾಕ ಬೇಕು? ಕೈ ನೋಡಿದ್ರ ತಿಳೀತೈತಿ," ಎಂದು ನನಗೆ ಹೇಳಿ ಫೋನಿನ ದನಿ ಪೂರ್ತಿ ಇಳಿಸಿಬಿಟ್ಟ.

ಮೊದಲು ಫೋರ್ಕಿನ ನೆತ್ತಿಯಿಂದ ಗಾಳಿ ಬಿಡಬೇಕು. ಬಿಟ್ಟ. ಅದು ಬುಸ್ಸೆಂದ ರಭಸಕ್ಕೆ ನಮ್ಮ ಮೂರು ಕೋಳಿಗಳು ಊರು ಬಿಟ್ಟವು. ಒಂದು ಮರುದಿನ ಬಂತು. ಆಮೇಲೆ ಕಾಲುಗಳ ಅಂಗಾಲಿನಲ್ಲಿರುವ ಬೋಲ್ಟುಗಳನ್ನು ಆರು ಮೂಲೆಯ ಅಲೆನ್ ಚಾವಿಯಿಂದ ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಕೆಳಗಿನ ಕಾಲುಗಳನ್ನು ಎಳೆದ. ಅವು ಕಳಚಿ ಬಂದವು. ಒಳಗಿನಿಂದ ಕಪ್ಪಗೆ ಸೀಗೆಕಾಯಿ ನೀರಿನಂಥ ಎಣ್ಣೆ ಸುರಿಯಿತು. ಧೂಳಪ್ಪನ ಮುಖ ಗೆದ್ದು ಬಂದ ಸರದಾರನ ಹಾಗಾಯಿತು.

ವಿಡಿಯೋದ ಆಸಾಮಿ ಬಿಚ್ಚಿದ್ದನ್ನೆಲ್ಲ ಶುಭ್ರವಾದ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ. ಧೂಳಪ್ಪನೂ ಟ್ರಂಕಿನಿಂದ ಹೊಸ ಪಂಚೆ ತೆಗೆದು, ಗಿರಣಿಯ ಕಟ್ಟೆಯ ಮೇಲೆ ಹಾಸಿ, ನಟ್ಟು ತಿರುಗಿಸುವ ಪಾನಾಗಳು, ಚಾವಿಗಳು, ಸುತ್ತಿಗೆ, ಬೋಲ್ಟು, ಎಣ್ಣೆ ಹೀರುವ ಎರಡು ಸ್ಪಂಜಿನ ಉಂಗುರ, ಕೊನೆಗೆ ಆ ಎರಡು ಕಾಲು, ಎಲ್ಲವನ್ನೂ ಪಂಕ್ತಿಯಲ್ಲಿ ಕೂರಿಸಿದ. ವಿಡಿಯೋದವನು ಹೊಸ ಎಣ್ಣೆಯನ್ನು ಗಾಜಿನ ಲೋಟಕ್ಕೆ ಸುರಿದಿದ್ದ. ಇವನು ಸ್ನೇಹಲ ತರಿಸಿದ ಬಾಟಲಿಯನ್ನು ನಾವು ವಾಟಗ ಎನ್ನುವ ಒಂದು ಸ್ಟೀಲ್ ಬಟ್ಟಲೊಳಕ್ಕೆ ಬೋರಲು ಹಾಕಿ, ವಾಟಗವನ್ನು ಪಂಕ್ತಿಯ ಕೊನೆಗೆ ಇಟ್ಟ. ಎಣ್ಣೆ ಚಂದದ ಕೆಂಪು ಬಣ್ಣದ್ದು. ಮುಂದೆ ವಿಡಿಯೋದಲ್ಲಿ ಒಂದು ಸಿರಿಂಜು ಬಂತು. ಧೂಳಪ್ಪ ಎದ್ದು ಉಪಕೇಂದ್ರದ ದಾರಿ ಹಿಡಿದ.

ಉಪಕೇಂದ್ರದ ಕಟ್ಟೆಯ ಮೇಲೆ ಏಳೆಂಟು ಜನ ಪಾಳಿ ಹಚ್ಚಿ ಕೂತಿದ್ದರು. ಧೂಳಪ್ಪ ಅವರನ್ನು ದಾಟಿ ಒಳಗೆ ಹೋಗಿ, ದೊಡ್ಡದೊಂದು ಸಿರಿಂಜು ಹಿಡಿದು ಹೊರಬಂದ.

"ಯಾರಿಗೋ ಅದು, ಇಷ್ಟು ದೊಡ್ಡದು?" ಎಂದು ಪಾಳಿಯಲ್ಲಿದ್ದ ಮುದುಕ ರೇವಪ್ಪ ಕೇಳಿದ.

"ಸೈಕಲ್ಲಿಗಿ."

ರೇವಪ್ಪ ಸುತ್ತಲಿನವರ ಮುಖ ನೋಡಿದ. "ಕೇಳಿದ್ರೇನು? ನಾವು ತಾಸಿನಿಂದ ಮೊಣಕಾಲು ಹಿಡ್ಕೊಂಡು ಕುಂತೀವಿ. ಸೈಕಲ್ಲಿನ ನಂಬರ್ ಮೊದಲ ಬಂತು."

"ಅದರದೂ ಮೊಣಕಾಲs ರೇವಪ್ಪ ಕಾಕಾ," ಎಂದು ಹೇಳಿ ಧೂಳಪ್ಪ ನಡೆದ.

ಬಾಗಿಲಿಗೆ ಬಂದ ಸ್ನೇಹಲ ಹಿಂದಿನಿಂದ ಕೂಗಿದಳು: "ಕಾಕಾ, ಸಂಜಿಗಿ ಪಕ್ಕಾ ಆಗ್ತೈತಲ್ಲ? ನಾಳಿ ಏಳೂವರೆಗೆ ನಾ ಗುಡ್ಡದ ಬುಡಕ್ಕಿರಬೇಕು."

"ಆಗಿಹೋಗೇತಿ ಅಂತ ತಿಳಿ," ಎಂದ ಧೂಳಪ್ಪ.

ಇತ್ತ ಮನೆಯಲ್ಲಿ ಅವನ ಹೆಂಡತಿ ಸಂಗವ್ವ ಮಿಂದು, ಮಡಿ ಸೀರೆ ಉಟ್ಟು, ಕೈಯಲ್ಲಿ ವಿಭೂತಿ ಅರಿಷಿಣ ಕುಂಕುಮ ಹಿಡಿದು ಗಿರಣಿಗೆ ಬಂದಳು. ಬಂದವಳು ಬಾಗಿಲಲ್ಲೇ ನಿಂತಳು. ನವಮಿ ಎಂದರೆ ಖಂಡೇ ಪೂಜೆ, ಅಂದರೆ ಆಯುಧಪೂಜೆ. ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು, ಸಾಲಾಗಿಟ್ಟು, ಪೂಜೆ ಮಾಡುವ ದಿನ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಂಡ ಒಂದು ಪಾನಾ ಒರೆಸಿ ಕೊಟ್ಟವನಲ್ಲ. ಇವತ್ತು ನೋಡಿದರೆ ಹೊಸ ಪಂಚೆಯ ಮೇಲೆ ಎಲ್ಲ ಹತ್ಯಾರ ಪಂಕ್ತಿಗೆ ಕೂತಿವೆ, ಪಕ್ಕಕ್ಕೆ ದೀಪದ ಎಣ್ಣೆ ಕೂಡ ತಂದಿಟ್ಟಿದ್ದಾನೆ. ಅದೂ ಕೆಂಪು ಎಣ್ಣೆ, ಪೇಟೆಯ ಅಂಗಡಿಯಲ್ಲಿ ದೇವರ ದೀಪಕ್ಕೆಂದು ಮಾರುವ ಬಣ್ಣದ್ದು.

"ಕಣ್ಣಾಗ ನೀರs ಬಂತು ನೋಡ್ರಿ ಅಣ್ಣಾ," ಎಂದು ಅವಳು ಆಮೇಲೆ ನನಗೆ ಹೇಳಿದಳು. "ತಡಾ ಆದ್ರೂ ಬುದ್ಧಿ ಬಂತಲ್ಲ ಅಂದ್ಕೊಂಡೆ."

ಆ ಸಂತೋಷದಲ್ಲಿ ಅವಳು ಯಾವ ವಸ್ತುವಿಗೂ ಭೇದ ಮಾಡಲಿಲ್ಲ. ಪಾನಾಗಳಿಗೆ ವಿಭೂತಿ ಬಳಿದಳು, ಸುತ್ತಿಗೆಗೆ ಕುಂಕುಮ ಇಟ್ಟಳು, ಸ್ಪಂಜಿನ ಉಂಗುರಗಳಿಗೆ ಅರಿಷಿಣ ಏರಿಸಿದಳು. ಫೋರ್ಕಿನ ಎರಡು ಕಾಲುಗಳಿಗೆ ಅಡ್ಡ ಮೂರು ಗೆರೆ ಎಳೆದು ಚೆಂಡುಹೂವಿನ ಮಾಲೆ ಹಾಕಿದಳು. ನವರಾತ್ರಿಯ ಮೊದಲ ದಿನ ಕಲಶವಿಟ್ಟು ಘಟ್ಟ ಹಾಕಿದಾಗಿನಿಂದ ದಸರೆಯ ತನಕ ಆರಬಾರದ ದೀಪ ಮನೆಯೊಳಗೆ ಉರಿಯುತ್ತಿತ್ತು. ಕೆಂಪು ಎಣ್ಣೆಯನ್ನೆಲ್ಲ ಆ ದೀಪಕ್ಕೆ ಸುರಿದಳು. ಖಾಲಿ ವಾಟಗ ಕಣ್ಣಿಗೆ ಚಂದ ಕಾಣದ್ದರಿಂದ, ಮತ್ತೆ ಬೇಕಾದರೆ ಇರಲಿ ಎಂದು, ಅದಕ್ಕೆ ಡಬ್ಬಿಯಿಂದ ನಮ್ಮ ಮಾಮೂಲಿ ಕುಸುಬಿ ಎಣ್ಣೆ ತುಂಬಿ ಇದ್ದಲ್ಲೇ ಇಟ್ಟಳು.

ಧೂಳಪ್ಪ ಸಿರಿಂಜು ಹಿಡಿದು ಬಂದಾಗ ಆರತಿ ಮುಗಿದಿತ್ತು.

"ಏನಿದು?"

"ಖಂಡೇ ಪೂಜಿ," ಎಂದಳು ಸಂಗವ್ವ. "ನೀವs ಎಲ್ಲ ಎಷ್ಟು ಚಂದ ಜೋಡಿಸಿಟ್ಟಿದ್ರಲ್ಲ. ಬರ್ರಿ, ಕಾಯಿ ಒಡೀರಿ."

ಧೂಳಪ್ಪ ಕಾಯಿ ಒಡೆಯಲಿಲ್ಲ. ಚಾವಿಗೆ ಕೈ ಹಾಕಿದ. ಸಂಗವ್ವ ಅವನ ಮುಂಗೈ ಹಿಡಿದಳು.

"ಪೂಜಿ ಆದ ಹತ್ಯಾರ ಎತ್ತತೀರಿ? ನಾಳಿ ಬನ್ನಿ ಕೊಡೂತನಾ ಅವು ದುಡಿಯಂಗಿಲ್ಲ. ನಮ್ಮ ಗಿರಣಿ ಯಾಕ ಬಂದ್ ಐತಿ ಇವತ್ತ?"

ಗಿರಣಿ ಯಾಕೆ ಬಂದ್ ಇದೆ ಎಂಬುದು ಧೂಳಪ್ಪನಿಗೆ ಆಗ ಹೊಳೆಯಿತು. ಕಟ್ಟೆಯ ಮೇಲೆ ಮೆಲ್ಲಗೆ ಕುಳಿತುಕೊಂಡ. ಸಂಜೆಗೆ ಸೈಕಲ್ ಕೊಡಬೇಕು, ನಾಳೆ ಏಳೂವರೆಗೆ ಹುಡುಗಿ ಗುಡ್ಡದ ಬುಡದಲ್ಲಿರಬೇಕು, ಬನ್ನಿ ಕೊಡುವುದು ನಾಳೆ ಸಂಜೆ.

ಗಂಡಹೆಂಡಿರ ವಾದ ಓಣಿಗೆ ಕೇಳಿಸಿತು, ಓಣಿ ಅಂಗಳಕ್ಕೆ ಬಂತು. ಇಂಥ ತಕರಾರಿನಲ್ಲಿ ನಮ್ಮಲ್ಲಿ ಕೊನೆಯ ತೀರ್ಪು ಶಿವಲಿಂಗವ್ವನದು. ಅವಳಿಗೆ ಎಂಬತ್ತು ದಾಟಿದೆ, ಯಾವ ಹಬ್ಬಕ್ಕೆ ಯಾವ ಕಾಳು ಎಂಬುದರಿಂದ ಹಿಡಿದು ಎಲ್ಲ ಕಾಯ್ದೆಯೂ ಅವಳ ಬಾಯಲ್ಲಿದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿಯೇ ಹೊತ್ತು ತಂದರು. ಅವಳು ಪಂಕ್ತಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಲೇ ಧೂಳ್ಯಾ, ಈ ಎರಡು ಕಾಲು ಯಾರವು?"

"ನರ್ಸಬಾಯಿ ಸೈಕಲ್ಲಿನವು ಆಯಿ."

"ಅಂದ್ರ ನಿಂದಲ್ಲ. ಮಂದಿ ಮನಿ ಸಾಮಾನು ನಮ್ಮ ಪೂಜ್ಯಾಗ ರಾತ್ರಿ ಉಳೀಬಾರದು. ಅವನ್ನ ಎತ್ತು, ಒಯ್ದು ಕೊಡು."

ಧೂಳಪ್ಪನ ಮುಖ ಅರಳಿತು. "ಮತ್ತ ಪಾನಾ, ಚಾವಿ?"

"ಅವು ನಿನ್ನವು. ನಿನ್ನವು ದುಡಿಯಂಗಿಲ್ಲ."

"ಪಾನಾ ಇಲ್ಲದ ಈ ಕಾಲು ಹೆಂಗ ಜೋಡಸ್ಲಿ ಆಯಿ?"

"ಅದು ಪೂಜಿ ಮಾತಲ್ಲ, ಮಿಸ್ತ್ರಿ ಮಾತು. ಮಿಸ್ತ್ರಿನ ಕೇಳು," ಎಂದಳು ಶಿವಲಿಂಗವ್ವ. ತೀರ್ಪು ಮುಗಿಯಿತು, ಕುರ್ಚಿ ಎದ್ದಿತು.

ಪರರ ಪಾನಾ ತರಬಹುದಲ್ಲ ಎಂದು ಧೂಳಪ್ಪ ನನ್ನನ್ನು ಎಳೆದುಕೊಂಡು ಹೊರಟ. ಮೊದಲು ಪಂಪ್ ರಿಪೇರಿ ಮಾಡುವ ಅಮೋಗಸಿದ್ದನ ಅಂಗಡಿ. ಅವನ ಅರವತ್ತು ಪಾನಾಗಳು ಗೋಡೆಗುಂಟ ಹೂ ಮುಡಿದು ನಿಂತಿದ್ದವು, ಮಧ್ಯದಲ್ಲಿ ಬೂದಗುಂಬಳ.

"ಪಾನಾ ಐತಿ ಅಣ್ಣಾ," ಎಂದ ಅಮೋಗಸಿದ್ದ. "ಆದ್ರ ಇವತ್ತ ಅವು ನನ್ನ ಮಾತs ಕೇಳಂಗಿಲ್ಲ, ನಿನ್ನ ಮಾತು ಏನ್ ಕೇಳ್ತಾವು?"

ಟ್ರ್ಯಾಕ್ಟರಿನ ಈಶ್ವರನ ಮನೆಯಲ್ಲಿ ಟ್ರ್ಯಾಕ್ಟರೇ ಮಾಲೆ ಹಾಕಿಕೊಂಡು ಕೂತಿತ್ತು, ಅದರ ಹತ್ಯಾರದ ಪೆಟ್ಟಿಗೆ ಅದರ ಮಡಿಲಲ್ಲಿತ್ತು. ಕೊನೆಗೆ ಬೇರೆ ದಾರಿ ಕಾಣದೆ ಸಾಲಿಯ ಮುರಗೆಪ್ಪ ಮಾಸ್ತರರ ಮನೆಗೆ ಹೋದೆವು. ಅವರ ಕಂಪಾಸ್ ಪೆಟ್ಟಿಗೆ, ಪಾಟಿ, ಪುಸ್ತಕ, ಪೆನ್ನು ಎಲ್ಲ ಪಾಟಿಪೂಜೆಗೆ ಕೂತಿದ್ದವು. ಮಾಸ್ತರರು ನಾಳೆಯ ಸ್ಪರ್ಧೆಗೆ ಶುಭಾಶಯ ಬರೆದು ಕೊಡಬೇಕೆಂದಿದ್ದರಂತೆ, ಬರೆಯಲು ಪೆನ್ನಿಲ್ಲದೆ ಬಾಯಲ್ಲೇ ಹೇಳಿದರು. ಆ ದಿನ ಇಡೀ ಸೊರಡಿಯಲ್ಲಿ ಸೂಟಿ ಇಲ್ಲದ ಒಂದೇ ಒಂದು ಪಾನಾ ಇರಲಿಲ್ಲ.

ಹೊತ್ತು ಇಳಿಯತೊಡಗಿತು. ಮಾಲೆ ಹಾಕಿದ ಎರಡು ಕಾಲುಗಳನ್ನು ಎದೆಗವಚಿಕೊಂಡು ಧೂಳಪ್ಪ ನಮ್ಮ ಕಟ್ಟೆಯ ಮೇಲೆ ಕುಳಿತ. ಜೀವನದಲ್ಲಿ ಮೊದಲ ಸಲ ಅವನ ಬಾಯಿಂದ "ಅದರಾಗೇನ್ ಐತಿ" ಹೊರಡಲಿಲ್ಲ.

"ಅಣ್ಣಾ, ಆ ಹುಡಿಗಿಗಿ ಏನ್ ಹೇಳ್ಲಿ?" ಎಂದ. "ಹೋದ ವರ್ಷ ಒಂದ ಗಾಲಿ ಹಿಂದುಳೀತು. ಈ ವರ್ಷ ಗಾಲೀನs ಇಲ್ಲದಂಗ ಮಾಡೇನಿ."

ಅಷ್ಟರಲ್ಲಿ ದ್ರಾಕ್ಷಿ ತೋಟದ ಬಳ್ಳಿ ಸವರುವ ಕೆಲಸ ಮುಗಿಸಿಕೊಂಡು ಸ್ನೇಹಲಳ ತಾಯಿ ಶೇವಂತಾ ಬಂದಳು. ಸೊಂಟದಲ್ಲಿ ಕತ್ತರಿ, ತಲೆಯ ಮೇಲೆ ಕಡ್ಡಿಯ ಹೊರೆ. ಧೂಳಪ್ಪನ ಮಡಿಲಲ್ಲಿದ್ದುದನ್ನು ನೋಡಿ ಹೊರೆ ಇಳಿಸಿದಳು.

"ಇದೇನೋ ಧೂಳಪ್ಪಾ, ನನ್ನ ಮಗಳ ಸೈಕಲ್ಲಿಗಿ ಲಗ್ನಾ ಮಾಡಾಕತ್ತಿ?"

ಧೂಳಪ್ಪ ಎಲ್ಲವನ್ನೂ ಹೇಳಿದ. ಶೇವಂತಾ ನಿಂತೇ ಕೇಳಿದಳು.

"ಅಷ್ಟೇನು? ಇಡೀ ಊರು ತಿರಗೀದಿ, ನಮ್ಮ ಮನಿ ಬಿಟ್ಟಿ. ನಮ್ಮ ಮನ್ಯಾಗ ಬುದ್ಧವಂದನಾ ಇರತೈತಿ, ಖಂಡೇ ಪೂಜಿ ಇರಂಗಿಲ್ಲ. ನಮ್ಮ ಹತ್ಯಾರಕ್ಕ ಸೂಟಿನೂ ಇಲ್ಲ, ನಮಗೂ ಇಲ್ಲ. ಏಳು, ಸೈಕಲ್ಲು, ಅದರ ಸಾಮಾನು, ಎಣ್ಣಿ ಎಲ್ಲಾ ತಗೊಂಡು ಬಾ."

"ಎಣ್ಣಿಗಿ ಪೂಜಿ ಮಾಡಿಲ್ಲ, ಒಯ್ಯಿರಿ," ಎಂದು ಸಂಗವ್ವ ವಾಟಗವನ್ನು ಕೊಟ್ಟಳು.

ಶೇವಂತಾಳ ಅಂಗಳದಲ್ಲಿ ಸ್ನೇಹಲ ಆಗಲೇ ಡ್ಯೂಟಿ ಮುಗಿಸಿ ಬಂದಿದ್ದಳು. ಮಾಲೆ ಹಾಕಿದ ಫೋರ್ಕನ್ನು ಒಂದು ಗಳಿಗೆ ನೋಡಿದಳು. ಧೂಳಪ್ಪ ಬೈಗುಳಕ್ಕೆ ತಲೆ ಬಾಗಿಸಿ ನಿಂತ. ಅವಳು ಬೈಯಲಿಲ್ಲ. ಒಳಗೆ ಹೋಗಿ ಒಂದು ಸಣ್ಣ ಡಬ್ಬಿ ತಂದಳು. ಅದರಲ್ಲಿ ಥಳಥಳ ಹೊಳೆಯುವ, ಆರು ಮೂಲೆಯ ಒಂದು ಚಾವಿ.

"ಇದೆಲ್ಲಿಂದ ಬಂತು?"

"ಉಪಕೇಂದ್ರಕ್ಕ ಹೊಸಾ ಬಾಣಂತಿ ಮಂಚ ಬಂದಿತ್ತಲ್ಲ ಕಾಕಾ, ಬಿಡಿ ಬಿಡಿ ಬಂದಿತ್ತು. ಜೋಡಿಸಾಕ ಇದು ಕೊಟ್ಟಿದ್ರು. ಆ ಮಂಚ ನಾನs ಜೋಡಿಸೇನಿ. ಅದರ ಮ್ಯಾಲ ಹದಿನಾಲ್ಕು ಕೂಸು ಹುಟ್ಟ್ಯಾವು, ಇನ್ನೂ ಅಲ್ಲಾಡಿಲ್ಲ."

ಚಾವಿ ಬೋಲ್ಟಿನೊಳಗೆ ಸರಿಯಾಗಿ ಕೂತಿತು. ಆಮೇಲೆ ಕೆಲಸ ಮಾಡಿದ್ದು ಸ್ನೇಹಲ. ಗಾಯ ತೊಳೆಯುವ ಹಾಗೆ ಬಟ್ಟೆಯಿಂದ ವಿಭೂತಿ ಕುಂಕುಮ ಒಂದು ಕಣವೂ ಉಳಿಯದಂತೆ ಒರೆಸಿದಳು. ಸ್ಪಂಜಿನ ಉಂಗುರಗಳಿಂದ ಅರಿಷಿಣ ಹಿಂಡಿದಳು. ಧೂಳಪ್ಪನಿಗೆ ವಾಟಗ ಹಿಡಿಯುವ ಜವಾಬ್ದಾರಿ ಕೊಟ್ಟಳು. ಪಕ್ಕದ ಒಲೆಯ ಮೇಲೆ ಶೇವಂತಾ, ಕೂಡಿದ ಮಂದಿಗೆಂದು ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು. ಅಂಗಳದ ತುಂಬ ಕುಸುಬಿ ಎಣ್ಣೆಯ ವಾಸನೆ.

ಸಿರಿಂಜಿಗೆ ಎಣ್ಣೆ ಎಳೆಯುತ್ತ ಸ್ನೇಹಲ ತಡೆದಳು. "ಕಾಕಾ, ಬಾಟ್ಲಿಯೊಳಗ ಇದು ಕೆಂಪಗಿತ್ತಲ್ಲ?"

"ತಳಕ್ಕ ಕೂತೈತಿ," ಎಂದ ಧೂಳಪ್ಪ. "ವಿಡಿಯೋದಾಗೂ ಹೇಳ್ಯಾರ."

ವಿಡಿಯೋದಲ್ಲಿ ಏನು ಹೇಳಿದ್ದಾರೆಂದು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋರ್ಕು ಸೈಕಲ್ಲಿಗೇರಿ ಗಾಳಿ ತುಂಬಿಸಿಕೊಂಡಿತು. ಸ್ನೇಹಲ ಹ್ಯಾಂಡಲ್ ಹಿಡಿದು ಒಮ್ಮೆ ಒತ್ತಿದಳು. ಅದು ಮೆತ್ತಗೆ ಕುಕ್ಕರಿಸಿತು, ಮೆತ್ತಗೆ ಎದ್ದಿತು, ನರಳಲಿಲ್ಲ. ಅಂಗಳದ ಮಂದಿ ಒಬ್ಬೊಬ್ಬರಾಗಿ ಬಂದು ಒತ್ತಿ ನೋಡಿದರು. ರೇವಪ್ಪ ಎರಡು ಸಲ ಒತ್ತಿ, "ನನಗೂ ಇದs ಎಣ್ಣಿ ಇಂಜೆಕ್ಷನ್ ಕೊಡವಾ" ಎಂದ.

ಮರುದಿನ ಅರ್ಧ ಸೊರಡಿ ಟೆಂಪೋ ಹತ್ತಿ ಗುಡ್ಡದ ಬುಡಕ್ಕೆ ಹೋಯಿತು. ಸಂಗವ್ವ ದೀಪ ಕಾಯಬೇಕೆಂದು ಮನೆಯಲ್ಲೇ ಉಳಿದಳು. ನಲವತ್ತು ಸೈಕಲ್ಲುಗಳು ಮೇಲೇರಿ ಕಣ್ಮರೆಯಾದವು. ಧೂಳಪ್ಪ ನಿಲ್ಲಲಾರದೆ ಕುಳಿತ, ಕೂರಲಾರದೆ ನಿಂತ.

"ಬೋಲ್ಟು ಬಿಗಿ ಮಾಡಿದ್ದು ಕಂಡೀರೇನು ನೀವು?" ಎಂದು ನನ್ನನ್ನು ಆರು ಸಲ ಕೇಳಿದ.

ಗುಡ್ಡದ ಇಳಿಜಾರಿನಲ್ಲಿ ಧೂಳೆದ್ದಿತು. ಮೊದಲು ಒಬ್ಬ ಬಂದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ. ಆಮೇಲೆ ಇಬ್ಬರು ಒಟ್ಟಿಗೇ ಕಂಡರು. ಒಬ್ಬ ಕಲ್ಲು ಬಂದಲ್ಲೆಲ್ಲ ಬ್ರೇಕು ಹಿಡಿಯುತ್ತ ಬರುತ್ತಿದ್ದ. ಪಕ್ಕದಲ್ಲಿ ಸ್ನೇಹಲ. ಅವಳು ಕಲ್ಲುಗಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮುಂದಿನ ಗಾಲಿ ಕಲ್ಲಿಗೆ ಬಡಿದು ಕುಕ್ಕರಿಸುತ್ತಿತ್ತು, ಏಳುತ್ತಿತ್ತು, ಮತ್ತೆ ಕುಕ್ಕರಿಸುತ್ತಿತ್ತು. ಸುಣ್ಣದ ಗೆರೆಯನ್ನು ಅವಳು ಅವನಿಗಿಂತ ಒಂದು ಗಾಲಿ ಮುಂದೆ ದಾಟಿದಳು.

ಶೇವಂತಾ ಮುಂದೆ ಬಂದಳು. ಸೆರಗಿನಿಂದ ಮಗಳ ಮುಖದ ಧೂಳು ಒರೆಸಿದಳು, ಆಮೇಲೆ ಅದೇ ಸೆರಗಿನಿಂದ ಸೈಕಲ್ಲನ್ನೂ ಒರೆಸಿದಳು.

ಆಗ ಸ್ಪರ್ಧೆಯ ತೀರ್ಪುಗಾರರಾಗಿದ್ದ ಆಟದ ಮಾಸ್ತರರು ಮೂಗು ಎತ್ತಿ ಅತ್ತಿತ್ತ ನೋಡಿದರು.

"ಇಲ್ಲಿ ಭಜಿ ಯಾರು ಕರಿಯಾಕತ್ತಾರ?"

ಭಜಿ ಎಲ್ಲೂ ಇರಲಿಲ್ಲ. ಅವರು ವಾಸನೆ ಹಿಡಿದು ನಡೆಯುತ್ತ ಬಂದು ಸ್ನೇಹಲಳ ಸೈಕಲ್ಲಿನ ಮುಂದೆ ನಿಂತರು. ಫೋರ್ಕಿನ ಕಾಲಿನ ಮೇಲೆ ಒಂದು ಎಣ್ಣೆಯ ಗೆರೆ ಜಿನುಗಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದರು.

"ಯಾವ ಕಂಪನಿ ಎಣ್ಣಿ ಇದು?"

"ಪರದೇಶದ್ದು ಸರ್," ಎಂದು ಧೂಳಪ್ಪ ಎದೆಯುಬ್ಬಿಸಿ ಮುಂದೆ ಬಂದ. "ಅಂಚೆಯೊಳಗ ಬಂದೈತಿ. ನಾನs ಹಿಡಕೊಂಡು ನಿಂತಿದ್ದೆ."

ಮಾಸ್ತರರು ಇನ್ನೊಮ್ಮೆ ಮೂಸಿದರು. "ನಮ್ಮವ್ವ ದಿನಾ ಇದರಾಗs ಒಗ್ಗರಣಿ ಕೊಡ್ತಾಳ. ಕುಸುಬಿ ಎಣ್ಣಿ ಇದು." ನಿಯಮಗಳ ಪುಸ್ತಕ ತೆಗೆದು ಎರಡು ಪುಟ ತಿರುವಿದರು. ಎಣ್ಣೆಕಾಳುಗಳ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಮೂರನೆಯ ಸ್ಥಾನದೆದುರು ಸ್ನೇಹಲಳ ಹೆಸರು ಬರೆದು ಮುಂದೆ ಹೋದರು.

ಸ್ನೇಹಲ ಧೂಳಪ್ಪನನ್ನು ನೋಡಿದಳು. ಧೂಳಪ್ಪ ನನ್ನನ್ನು ನೋಡಿದ. ಅವನ ಮುಖದ ಬಣ್ಣ ನಿಧಾನಕ್ಕೆ ಇಳಿಯಿತು.

"ಅಣ್ಣಾ," ಎಂದ ಸಣ್ಣ ದನಿಯಲ್ಲಿ. "ಕುಸುಬಿ ಎಣ್ಣಿ ಇಲ್ಲೈತಿ ಅಂದ್ರ, ದೀಪದಾಗ ಏನೈತಿ?"

ಟೆಂಪೋ ಊರಿಗೆ ಬಂದ ವೇಗಕ್ಕೆ ಚಾಲಕನನ್ನೂ ಸ್ಪರ್ಧೆಗೆ ಇಳಿಸಬಹುದಿತ್ತು. ಧೂಳಪ್ಪ ಹಾರಿ ಇಳಿದು ಮನೆಗೆ ನುಗ್ಗಿದ, ಹಿಂದೆ ನಾವೆಲ್ಲ. ಘಟ್ಟದ ಹಿಂದಿನ ಗೋಡೆ ಸೂರಿನವರೆಗೆ ಕಪ್ಪಾಗಿತ್ತು. ದೀಪ ಮಾತ್ರ ನೆಟ್ಟಗೆ ಉರಿಯುತ್ತಿತ್ತು. ಪಕ್ಕದಲ್ಲಿ ಸಂಗವ್ವ ಗೋಡೆಗೊರಗಿ ಕೂತಿದ್ದಳು. ಅವಳ ಮೂಗಿನ ತುದಿಯೂ ಕಪ್ಪಗಿತ್ತು.

"ಬಂದ್ರೇನು? ಹುಡಿಗಿ ಗೆದ್ದಳೇನು?"

"ಮೂರನೇದಾಕಿ," ಎಂದ ಧೂಳಪ್ಪ, ಕಣ್ಣು ದೀಪದ ಮೇಲೆ. "ಇಲ್ಲೆಲ್ಲ ಬರೋಬ್ಬರಿ ಐತಿ?"

"ಭಾಳ ಚಲೋ ಎಣ್ಣಿ ತಂದೀರಿ ನೋಡ್ರಿ. ಹೊಗಿ ಒಂದೀಟು ಜಾಸ್ತಿ. ಆದ್ರ ಎಂಟು ದಿನ ಸೊಳ್ಳಿ ಕಡಿಸ್ಕೊಂಡು ಈ ದೀಪ ಕಾದೇನಿ. ನಿನ್ನಿ ರಾತ್ರಿ ಒಂದ ಸೊಳ್ಳಿ ಬಂದಿಲ್ಲ. ದೀಪಾವಳಿಗಿ ಎರಡು ಬಾಟ್ಲಿ ತರಿಸ್ರಿ."

ಧೂಳಪ್ಪ ಬಾಯಿ ತೆರೆದ. ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿ ತನ್ನನ್ನು ಎರಡು ಸಲ ಹೊಗಳಿದ್ದು ನೆನಪಾಯಿತು. ಎರಡೂ ನಿನ್ನೆ ಇವತ್ತಿನವೇ. ಬಾಯಿ ಮುಚ್ಚಿದ. ಸ್ನೇಹಲ ನಗು ತಡೆಯಲಾರದೆ ಹೊರಗೆ ಹೋದಳು. ಶೇವಂತಾ ತಡೆಯುವ ಪ್ರಯತ್ನವನ್ನೇ ಮಾಡಲಿಲ್ಲ. ಆ ಸಂಜೆ ಬನ್ನಿ ಕೊಡಲು ಬಂದವರೆಲ್ಲ ಮೊದಲು ಆ ಕಪ್ಪು ಗೋಡೆ ನೋಡಿ, ಆಮೇಲೆ ಧೂಳಪ್ಪನ ಕೈಗೆ ಎಲೆ ಕೊಟ್ಟರು.

ಸಾಂಗ್ಲಿಯ ಸ್ಪರ್ಧೆ ದೀಪಾವಳಿಯ ಹಿಂದಿನ ವಾರ. ಕುಸುಬಿ ಎಣ್ಣೆ ಚೆಲ್ಲಿ ಸರಿಯಾದ ಎಣ್ಣೆ ಹಾಕಬೇಕೆಂದು ಸ್ನೇಹಲ ಅಂಚೆಯಲ್ಲಿ ಮೂರು ಬಾಟಲಿ ತರಿಸಿದಳು, ಒಂದು ಫೋರ್ಕಿಗೆ, ಎರಡು ಸಂಗವ್ವನಿಗೆ. "ಈ ಸಲ ಬಿಚ್ಚೂದೂ ನಾನs, ಜೋಡಿಸೂದೂ ನಾನs. ನೀವು ವಾಟಗ ಹಿಡೀರಿ ಸಾಕು," ಎಂದಳು. ಅದೇ ಹೊತ್ತಿಗೆ ಒಲೆಯ ಮುಂದಿದ್ದ ಶೇವಂತಾ, ಭಜಿಗೆ ಎಣ್ಣೆ ಸಾಲದೆಂದು ಸಂಗವ್ವನ ಮನೆಯಿಂದ ಒಂದು ವಾಟಗ ಕುಸುಬಿ ಎಣ್ಣೆ ತರಲು ಧೂಳಪ್ಪನನ್ನೇ ಕಳಿಸಿದಳು.

ಹೀಗೆ ಅವನ ಎಡಗೈಯಲ್ಲೊಂದು ವಾಟಗ, ಬಲಗೈಯಲ್ಲೊಂದು ವಾಟಗ. ಆದರೆ ಧೂಳಪ್ಪ ಒಮ್ಮೆ ಎಡವಿದಲ್ಲಿ ಮತ್ತೆ ಎಡವುವವನಲ್ಲ. ಎಣ್ಣೆ ಸುರಿಯುವ ಮೊದಲೇ ಎರಡು ಚೀಟಿ ಬರೆದು, ಅಂಟು ಹಚ್ಚಿ, ವಾಟಗಗಳಿಗೆ ಅಂಟಿಸಿಟ್ಟಿದ್ದ. ಒಂದರ ಮೇಲೆ 'ಸೈಕಲ್', ಇನ್ನೊಂದರ ಮೇಲೆ 'ಭಜಿ'.

"ಈ ಸಲ ಎಣ್ಣಿ ಯಾಕ ಕೆಂಪಿಲ್ಲ ಕಾಕಾ?" ಎಂದಳು ಸ್ನೇಹಲ, ಎರಡನ್ನೂ ಇಣುಕಿ ನೋಡಿ.

"ಬ್ಯಾರೆ ಕಂಪನೀದು ಬಂದೈತಿ, ಇದೂ ಕುಸುಬಿ ಎಣ್ಣಿಯಂಗ ಹಳದಿ ಐತಿ. ಚಿಂತಿ ಬಿಡು, ಚೀಟಿ ಹಚ್ಚೇನಿ. ಅದರಾಗೇನ್ ಐತಿ," ಎಂದ ಧೂಳಪ್ಪ. ಎಂದು ಹೆಮ್ಮೆಯಿಂದ ಕೆಳಗೆ ನೋಡಿದ.

ಹೊರಗೆಲ್ಲ ಎಣ್ಣೆ ಜಿನುಗಿದ ಎರಡು ವಾಟಗಗಳಿಂದಲೂ ಚೀಟಿ ಜಾರಿ, ಎರಡೂ ಅವನ ಕಾಲ ಬಳಿ ನೆಲದ ಮೇಲೆ ಅಕ್ಕಪಕ್ಕ ಬಿದ್ದಿದ್ದವು.